ದಾರ ಕಚ್ಚಿದ ಹಲ್ಲು

ಚಿಕ್ಕಮ್ಮನ ಮುಂದಿನ ಹಲ್ಲು ಮುರಿದದ್ದು ದಾರದಿಂದ. ಮೊಮ್ಮಗಳ ಫ್ರಾಕಿನ ಅಂಚು ಹೊಲಿದು ಮುಗಿಸಿ, ಎಂದಿನಂತೆ ದಾರವನ್ನು ಬಾಯಿಗಿಟ್ಟು ಕಚ್ಚಿದಳು. ಅದು ನೈಲಾನ್ ದಾರ ಎಂಬುದು ಅವಳ ಲಕ್ಷ್ಯಕ್ಕೆ ಬಂದಿರಲಿಲ್ಲ. ದಾರ ಹಾಗೇ ಉಳಿಯಿತು, ಹಲ್ಲು ಬುಡದವರೆಗೆ ಸೀಳಿತು.

ಚಿಕ್ಕಮ್ಮ ಎಂಬುದು ಇಡೀ ಬೀದಿ ಅವಳಿಗಿಟ್ಟ ಹೆಸರು. ಆ ಮನೆಗೆ ಇಬ್ಬರು ಸೊಸೆಯರು. ಹಿರಿಯವಳ ಮಕ್ಕಳು ಕಿರಿಯವಳನ್ನು ಚಿಕ್ಕಮ್ಮ ಎಂದವು, ಕಿರಿಯವಳ ಮಕ್ಕಳು ಹಿರಿಯವಳನ್ನು ದೊಡ್ಡಮ್ಮ ಎಂದವು. ಬಟ್ಟೆ ಹೊಲಿಸಲು ಬಂದವರಿಗೂ ಅದೇ ರೂಢಿಯಾಯಿತು. ವಾರಗಿತ್ತಿಯರೆಂದರೆ ಹಾವು ಮುಂಗುಸಿ ಎನ್ನುವವರುಂಟು. ಇವರು ಮಾತ್ರ ಬೀದಿಗೆ ತೆರೆದ ಮುಂದಿನ ಕೋಣೆಯಲ್ಲಿ ಅತ್ತೆಯ ಹಳೇ ಹೊಲಿಗೆ ಯಂತ್ರವಿಟ್ಟುಕೊಂಡು ಅಂಗಡಿ ಶುರುಮಾಡಿದರು. ದೊಡ್ಡಮ್ಮ ಕತ್ತರಿಸುವವಳು, ಚಿಕ್ಕಮ್ಮ ಹೊಲಿಯುವವಳು. ಇದ್ದದ್ದು ಒಂದೇ ಕತ್ತರಿ, ಅದು ಸದಾ ದೊಡ್ಡಮ್ಮನ ಕೈಯಲ್ಲಿ. ಹೀಗಾಗಿ ಚಿಕ್ಕಮ್ಮನಿಗೆ ಹಲ್ಲೇ ಕತ್ತರಿಯಾಯಿತು. ಬರಬರುತ್ತ ಮೇಲಿನ ಎರಡು ಮುಂದಿನ ಹಲ್ಲುಗಳ ಅಂಚಿನಲ್ಲೂ ದಾರ ಕೂರುವಷ್ಟು ಸಣ್ಣ ಕಚ್ಚು ಬಿದ್ದಿತ್ತು.

ಸಿದ್ಧ ಉಡುಪಿನ ಅಂಗಡಿಗಳು ಬಂದ ಮೇಲೆ ಗಿರಾಕಿಗಳು ಕಡಿಮೆಯಾದರು. ಅಂಗಡಿ ಮುಚ್ಚಿತು. ದೊಡ್ಡಮ್ಮ ಊರಿನ ಇನ್ನೊಂದು ತುದಿಗೆ ಮನೆ ಬದಲಿಸಿದಳು. ಆಮೇಲೆ ಅವರು ಸೇರುತ್ತಿದ್ದದ್ದು ಮದುವೆ ಮನೆಯಲ್ಲೋ ಸಾವಿನ ಮನೆಯಲ್ಲೋ, ಅಷ್ಟೇ.

ಹಲ್ಲಿನ ಡಾಕ್ಟರು ಬೇರುಸಹಿತ ತೆಗೆದು ಇಂಪ್ಲಾಂಟ್ ಹಾಕಬೇಕು ಎಂದಾಗ ಚಿಕ್ಕಮ್ಮನಿಗೆ ಮೊದಲು ನೆನಪಾದದ್ದು ದೊಡ್ಡಮ್ಮ. ಅವಳು ಎರಡು ವರ್ಷದ ಹಿಂದೆ ಒಂದು ದವಡೆ ಹಲ್ಲಿಗೆ ಅದನ್ನೇ ಹಾಕಿಸಿಕೊಂಡಿದ್ದಳು. ಚಿಕ್ಕಮ್ಮ ಫೋನು ಮಾಡಿದಳು.

"ಹೆದರಬೇಡ ಕಣೇ," ಎಂದಳು ದೊಡ್ಡಮ್ಮ. "ಮೂಳೆಗೆ ತೂತು ಕೊರೀತಾರೆ, ಸ್ಕ್ರೂ ತಿರುಗಿಸಿ ಬಿಗೀತಾರೆ. ಅಷ್ಟೇ."

"ಅಷ್ಟೇ ಅಂತೀಯಲ್ಲಕ್ಕ, ಗೋಡೆಗೆ ಗಡಿಯಾರ ತೂಗುಹಾಕೋ ಹಾಗೆ."

"ಮರಗಟ್ಟಿಸಿರ್ತಾರೆ, ನಿನಗೇನೂ ಗೊತ್ತಾಗಲ್ಲ. ನಾನೂ ಬರ್ತೀನಿ ಬಿಡು."

ಡಾಕ್ಟರು ಇನ್ನೂ ಚಿಕ್ಕ ಪ್ರಾಯದ ಹೆಣ್ಣುಮಗಳು. ದವಡೆಯ ಸ್ಕ್ಯಾನ್ ನೋಡಿ, ಸಕ್ಕರೆ ಕಾಯಿಲೆ ಇಲ್ಲವೆಂದು ಖಚಿತಪಡಿಸಿಕೊಂಡು, ಪ್ಲಾಸ್ಟಿಕ್ ದವಡೆಯೊಂದನ್ನು ಹಿಡಿದು ವಿವರಿಸಿದಳು. "ಬೇರು ತೆಗೆದು, ಅಲ್ಲೇ ಈ ಟೈಟಾನಿಯಂ ಸ್ಕ್ರೂ ಕೂರಿಸ್ತೀನಿ ಅಮ್ಮ. ಅದರ ಸುತ್ತ ನಿಮ್ಮ ಮೂಳೆನೇ ಬೆಳೆದು ಹಿಡ್ಕೋಬೇಕು. ಮೂರ್ನಾಲ್ಕು ತಿಂಗಳು ಕಾಯಬೇಕಾಗತ್ತೆ. ಅಲ್ಲೀವರೆಗೆ ತೆಗೆದು ಹಾಕೋ ಹಲ್ಲು ಕೊಡ್ತೀನಿ, ಬಾಯಿ ಬೋಳಾಗಿ ಕಾಣಲ್ಲ."

ಆ ದಿನ ಬಂತು. ಇಂಜೆಕ್ಷನ್ ಚುಚ್ಚಿದಾಗ ಕಣ್ಣಲ್ಲಿ ನೀರು ತುಂಬಿತು. ಸ್ವಲ್ಪ ಹೊತ್ತಿಗೆ ಮೇಲ್ದುಟಿ ಯಾರದೋ ತುಟಿಯಂತಾಯಿತು. ಮುಖದ ಮೇಲೆ ಬಾಯಿಯಷ್ಟೇ ಕಾಣುವಂತೆ ಹಸಿರು ಬಟ್ಟೆ ಹೊದಿಸಿದರು. ಬೇರು ಬಂದದ್ದು ಅವಳಿಗೆ ಒಂದು ಎಳೆತವಾಗಿ ಮಾತ್ರ ತಿಳಿಯಿತು. ಆಮೇಲೆ ಕೊರೆಯುವ ಯಂತ್ರ ಗುಂಯ್ಗುಟ್ಟಿತು. ನೋವಿರಲಿಲ್ಲ. ತಲೆಬುರುಡೆಯೊಳಗೆಲ್ಲ ಒಂದು ನಡುಕ ಹಬ್ಬಿತು, ಅಷ್ಟೇ.

ಆ ನಡುಕ ಅವಳಿಗೆ ಪರಿಚಯದ್ದು. ಶಾಲೆ ತೆರೆಯುವ ಮುಂಚಿನ ವಾರಗಳಲ್ಲಿ ಮುಂದಿನ ಕೋಣೆಯ ತುಂಬ ಮೊಣಕಾಲು ಮುಳುಗುವಷ್ಟು ನೀಲಿ ಬಟ್ಟೆ. ಊಟಕ್ಕೆ ಏಳಲೂ ಪುರಸೊತ್ತಿರದೆ ಅವಳು ಯಂತ್ರದ ಹಲಗೆಯ ಮೇಲೇ ಗದ್ದವೂರಿ ಒಂದು ಗಳಿಗೆ ಕಣ್ಣು ಮುಚ್ಚುತ್ತಿದ್ದಳು. ದೊಡ್ಡಮ್ಮ ಅದೇ ಹಲಗೆಯ ಮೇಲೆ ಕತ್ತರಿ ಆಡಿಸಿದರೆ ಅದರ ನಡುಕ ಹಲ್ಲಿಗೆ ಮುಟ್ಟುತ್ತಿತ್ತು. ಒಳಗೆ ಅತ್ತೆ ಎರಡು ಕಂಕುಳಲ್ಲೂ ಒಂದೊಂದು ಮಗು ಎತ್ತಿಕೊಂಡು, "ಯಾವುದು ಯಾರದ್ದು ಅಂತ ಸಂಜೆ ನೋಡ್ಕೊಳ್ಳಿ, ಈಗ ಹೊಲೀರಿ," ಎನ್ನುತ್ತಿದ್ದಳು. ಒಂದೇ ಲೋಟದ ಚಹಾ ಇಬ್ಬರಿಗೂ. ಮೊದಲ ಗುಟುಕು ಯಾರದೆಂದು ಮಾತ್ರ ದಿನಾ ಜಗಳ.

"ಆಯ್ತಮ್ಮ, ಎರಡೇ ಹೊಲಿಗೆ," ಎಂದಳು ಡಾಕ್ಟರು.

ಹೊರಗೆ ಕಾಯುತ್ತಿದ್ದ ದೊಡ್ಡಮ್ಮ ಕನ್ನಡಕ ಏರಿಸಿ ಅವಳ ಬಾಯೊಳಗೆ ಇಣುಕಿದಳು. "ಹೊಲಿಗೆ ಪರವಾಗಿಲ್ಲ. ಗಂಟು ಸ್ವಲ್ಪ ದಪ್ಪ."

ಎರಡು ದಿನ ತುಟಿ ಊದಿಕೊಂಡಿತ್ತು. ಐಸು ಒತ್ತಿಕೊಳ್ಳುವುದು, ಮಾತ್ರೆ, ತಣ್ಣಗಿನ ಮೆತ್ತನ್ನ ಊಟ, ಆಮೇಲೊಂದು ದಿನ ಹೊಲಿಗೆ ಬಿಚ್ಚಿಸುವುದು. ಡಾಕ್ಟರು ಹೇಳಿದ್ದಕ್ಕಿಂತ ಹೆಚ್ಚೇನೂ ಆಗಲಿಲ್ಲ. ಹೆಚ್ಚಾದದ್ದು ದೊಡ್ಡಮ್ಮನ ಬರುವಿಕೆ. ಒಸಡು ಹೇಗಿದೆ ನೋಡಬೇಕು ಎಂದು ಬಂದಳು. ಮರುದಿನ ನೀನು ಬಾಯಿ ಮುಕ್ಕಳಿಸುವ ಕ್ರಮ ಸರಿಯಿಲ್ಲ ಎಂದು ಬಂದಳು. ಮೂರನೇ ದಿನ ನೆಪವನ್ನೂ ಹೇಳಲಿಲ್ಲ. ಸುಮ್ಮನೆ ಕೂತು ಏನು ಮಾಡುವುದೆಂದು ಮೂಲೆಯ ಯಂತ್ರಕ್ಕೆ ಎಣ್ಣೆ ಹಾಕಿದರು. ದಿಂಬಿನ ಚೀಲ, ಪರದೆ, ಮೊಮ್ಮಕ್ಕಳ ಚಡ್ಡಿ. ಚಿಕ್ಕಮ್ಮ ಮರೆತು ದಾರವನ್ನು ಬಾಯಿಗೊಯ್ದಾಗಲೆಲ್ಲ ದೊಡ್ಡಮ್ಮ ಅವಳ ಕೈಗೆ ಒಂದೇಟು ಹಾಕಿ, ದಾರವನ್ನು ತಾನೇ ಕತ್ತರಿಸುತ್ತಿದ್ದಳು.

ಮೂಳೆ ಹಿಡಿದುಕೊಂಡಿದೆ ಎಂದು ಡಾಕ್ಟರು ಹೇಳಿದ ದಿನ ಹಲ್ಲಿನ ಅಚ್ಚು ತೆಗೆದು, ಬಣ್ಣ ಹೊಂದಿಸಿ, "ನಕ್ಕಿರೋ ಹಳೇ ಫೋಟೋ ಇದ್ರೆ ತನ್ನಿ," ಎಂದಳು. ಚಿಕ್ಕಮ್ಮನ ಎಲ್ಲ ಫೋಟೋಗಳಲ್ಲೂ ತುಟಿ ಹೊಲಿದಂತಿತ್ತು. ಒಂದು ದೊಡ್ಡಮ್ಮನ ಹತ್ತಿರ ಸಿಕ್ಕಿತು. ಅಂಗಡಿ ತೆರೆದ ಬೆಳಗ್ಗೆ ತೆಗೆದದ್ದು: ಫೋಟೋದವನು ಹಿಂದೆ ಸರಿಯುತ್ತ ಗುಂಡಿಯ ಡಬ್ಬ ಒದ್ದು ಚೆಲ್ಲಿದ್ದ. ಕೊರಳಿಗೆ ಟೇಪು ಹಾಕಿಕೊಂಡ ದೊಡ್ಡಮ್ಮ ಕೆನ್ನೆ ಉಬ್ಬಿಸಿ ನಗು ತಡೆದಿದ್ದಾಳೆ, ಚಿಕ್ಕಮ್ಮ ತಡೆಯಲಾರದೆ ಬಾಯ್ತುಂಬ ನಕ್ಕಿದ್ದಾಳೆ.

"ಎಷ್ಟು ಎಳೇ ಹುಡುಗಿ ನೀನು," ಎಂದಳು ದೊಡ್ಡಮ್ಮ. "ನನ್ನ ಮೇಲೆ ಹೊರೆ ಬಂತು ಅಂದ್ಕೊಂಡಿದ್ದೆ ಆಗ."

"ಈಗ?"

"ಈಗ್ಲೂ ಹೊರೆನೇ. ರೂಢಿಯಾಗಿದೆ."

ಡಾಕ್ಟರು ಫೋಟೋ ನೋಡಿದಳು, ಬಾಯಿ ನೋಡಿದಳು. "ಫೋಟೋದಲ್ಲಿಲ್ಲ, ಆದ್ರೆ ಈಗ ಪಕ್ಕದ ಹಲ್ಲಲ್ಲಿ ಕಚ್ಚು ಇದೆ. ಹೊಸದಕ್ಕೂ ಹಾಗೇ ಸಣ್ಣದಾಗಿ ಮಾಡಿಸಿದ್ರೆ ಜೊತೆ ಹೊಂದತ್ತೆ. ಮಾಡಿಸಲಾ?"

ಚಿಕ್ಕಮ್ಮ ಯೋಚಿಸಿದಳು. "ಬೇಡಮ್ಮ. ಫೋಟೋದಲ್ಲಿರೋ ಹಾಗೇ ಇರಲಿ. ಅಂಗಡಿ ಮಾಡಿದ್ದಕ್ಕೆ ಒಂದು ಸಾಕ್ಷಿ ಸಾಕು."

ಹಲ್ಲು ಕೂರಿಸಿದ ದಿನ ಡಾಕ್ಟರು ಬಣ್ಣದ ಕಾಗದ ಕಚ್ಚಿಸಿ, ಎತ್ತರವಿದ್ದ ಕಡೆ ಚೂರು ಉಜ್ಜಿ, ಕನ್ನಡಿ ಕೊಟ್ಟಳು. ದಿನಾ ಸುತ್ತಲೂ ಚೆನ್ನಾಗಿ ಉಜ್ಜಬೇಕು, ಆರು ತಿಂಗಳಿಗೊಮ್ಮೆ ತೋರಿಸಬೇಕು ಎಂದಳು. ನಾಲಿಗೆಗೆ ಅದು ಅಪರಿಚಿತವಾಗಿತ್ತು, ಕಣ್ಣಿಗೆ ಮಾತ್ರ ತನ್ನದೇ.

ಬಸ್ಸಿನಲ್ಲಿ ಚಿಕ್ಕಮ್ಮ ಹೊಸ ಹಲ್ಲನ್ನು ನಾಲಿಗೆಯಿಂದ ಮುಟ್ಟಿ ಮುಟ್ಟಿ ನೋಡಿಕೊಂಡಳು. ಹಲ್ಲಂತೂ ಬಂತು, ಇನ್ನು ದೊಡ್ಡಮ್ಮ ಬರಲು ಕಾರಣವೇನಿದೆ ಎಂಬ ಕೊರಗು ಒಳಗೇ ಕೊರೆಯುತ್ತಿತ್ತು. ತನ್ನ ನಿಲ್ದಾಣದಲ್ಲಿ ದೊಡ್ಡಮ್ಮ "ಬರ್ತೀನಿ" ಎಂದಷ್ಟೇ ಹೇಳಿ ಇಳಿದು ಹೋದಳು.

ಮಾರನೆಯ ಬೆಳಗ್ಗೆ ಬಾಗಿಲು ಬಡಿದ ಸದ್ದಾಯಿತು. ದೊಡ್ಡಮ್ಮ ಕಂಕುಳಲ್ಲಿ ಬಟ್ಟೆಯ ಗಂಟಿಟ್ಟುಕೊಂಡು ನಿಂತಿದ್ದಳು.

"ಪಕ್ಕದ ಮನೆಯವರ ಪರದೆ. ಹೊಲಿದುಕೊಡ್ತೀವಿ ಅಂತ ನಿನ್ನ ಕೇಳದೇನೇ ಒಪ್ಪಿಬಿಟ್ಟೆ," ಎಂದು ಚಪ್ಪಲಿ ಬಿಟ್ಟು ಒಳಬಂದಳು. "ಚಹಾ ಮಾಡಿದ್ದೀಯಾ?"