ರೈಟ್

ಈರಭದ್ರಪ್ಪ ಪುಸ್ತಕವನ್ನು ಮೊಣಕಾಲಿನಡಿ ಒತ್ತಿಹಿಡಿದು, ಎಂಬತ್ತೇಳನೆಯ ಪುಟದ ಅಂಚನ್ನು ಎಡಗೈಯಿಂದ ಹರಿದು ಹೆಂಡತಿಯತ್ತ ಚಾಚಿದರು. ಕೋಮಲಾ ಆ ಚೂರನ್ನು ತೆಗೆದುಕೊಂಡಳು. ತೆಗೆದುಕೊಳ್ಳದಿದ್ದರೆ ಚಾಚಿದ ಕೈ ಕೆಳಗಿಳಿಯುತ್ತಿರಲಿಲ್ಲ.

“ರೈಟ್” ಎಂದರು.

ಇಪ್ಪತ್ತಾರು ವರ್ಷ ಅವರು ಅಜ್ಜಂಪುರದಿಂದ ಬೀರೂರಿನ ಮೇಲೆ ಕಡೂರಿಗೆ ಹೋಗುವ ಖಾಸಗಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದರು. ಆಷಾಢದಲ್ಲಿ ಲಕ್ವ ಹೊಡೆದು ಬಲಗೈ ಹೋಯಿತು, ಮಾತು ಹೋಯಿತು. ಬಸ್ಸು ನಿಲ್ಲಿಸುವ ‘ಹೋಲ್ಡಾನ್’ ಕೂಡ ಉಳಿಯಲಿಲ್ಲ. ಬಿಡುವ ‘ರೈಟ್’ ಒಂದೇ ಉಳಿಯಿತು. ಹಸಿವಿಗೂ ಅದೇ, ನಿದ್ದೆಗೂ ಅದೇ. ಕೈಗೆ ಸಿಕ್ಕ ಕಾಗದವೆಲ್ಲ ಟಿಕೆಟ್ಟು. ಆದ್ದರಿಂದ ಬರೆದು ತೋರಿಸಿ ಕೇಳುವ ದಾರಿಯೂ ಮುಚ್ಚಿತ್ತು.

ಈಗ ಹದಿನೈದು ದಿನದಿಂದ ಮಧ್ಯಾಹ್ನ ಮೂರರ ಸುಮಾರಿಗೆ ಅವರಿಗೆ ಎಲ್ಲೋ ನೋವು ಬರುತ್ತಿತ್ತು. ಹಣೆ ಬೆವರುತ್ತಿತ್ತು, ಕಾಲ್ಬೆರಳು ಮಡಿಸಿಕೊಳ್ಳುತ್ತಿದ್ದವು. ತರೀಕೆರೆಯ ಡಾಕ್ಟರು ಎದೆ ಒತ್ತಿ “ಇಲ್ಲೇನಾ ನೋವು?” ಎಂದರೆ ರೈಟ್, ಹೊಟ್ಟೆ ಒತ್ತಿದರೂ ರೈಟ್.

“ಎಲ್ಲಾ ಪರೀಕ್ಷೆ ತಡ್ಕೊಳೋ ಶಕ್ತಿ ಇವರಿಗಿಲ್ಲಮ್ಮ. ಬುಧವಾರ ಬರೋ ಹೊತ್ತಿಗೆ ನೋವು ಎಲ್ಲಿ ಅಂತ ಹೇಗಾದ್ರೂ ತಿಳ್ಕೊಂಡು ಬನ್ನಿ” ಎಂದಿದ್ದರು.

ತರೀಕೆರೆಯಲ್ಲೇ ಆನ್‌ಲೈನ್ ಸೆಂಟರ್ ಇಟ್ಟಿದ್ದ ಕೋಮಲಾಳ ತಮ್ಮ ದೇವರಾಜ, ಬೆರಳಿನಿಂದ ಮುಟ್ಟಿದರೆ ಕೆಲಸ ಮಾಡುವ ಪರದೆಯ ಹಳೆಯ ಲ್ಯಾಪ್‌ಟಾಪೊಂದನ್ನು ತಂದುಕೊಟ್ಟ. ಜೊತೆಗೆ ಒಂದು ದಪ್ಪ ಪುಸ್ತಕ. ಪರದೆಯ ಮೇಲೆ ವಿಂಡೋ ತೆರೆದು, ಅದರೊಳಗೆ ಬಟನ್ ಇಟ್ಟು, ಒತ್ತಿದಾಗ ಏನಾಗಬೇಕೆಂದು ಬರೆಯುವುದನ್ನು ಅದು ಕಲಿಸುತ್ತಿತ್ತು.

“ನೋವಿನ ಜಾಗ ಮುಟ್ಟಿ ತೋರ್ಸೋ ಇಂಥದ್ದು ಫೋನಲ್ಲೇ ಸಿಗಲ್ವೇನೋ?”

“ಸಿಗ್ತವೆ ಕಣಕ್ಕ. ಒಂದೊಂದ್ರಲ್ಲೂ ಐವತ್ತು ಚಿತ್ರ. ಭಾವಂಗೆ ತಲೆ ಕೆಡ್ತದೆ. ನಿಂಗೆ ಬೇಕಿರೋದು ಆರೇ ಬಟನ್ನು. ಪಿಯುಸಿ ಲೆಕ್ಕದಾಗೆ ತೊಂಬತ್ತಾರು ತೆಗ್ದೋಳು ನೀನು, ಇದು ಬರಲ್ವಾ?”

“ನೀನೇ ಮಾಡ್ಕೊಡೋ.”

“ನಂಗೆ ಬಂದಿದ್ರೆ ಪುಸ್ತಕ ಇಷ್ಟು ಹೊಸದಾಗಿ ಇರ್ತಿತ್ತಾ?”

ಮೊದಲ ದಿನ ಬರಿಯ ವಿಂಡೋ ಬಂದಿತು. ಮೂರನೆಯ ದಿನ ಬಟನ್ನುಗಳು ಬಂದವು. ಒತ್ತಿದರೆ ಏನೂ ಆಗಲಿಲ್ಲ. ಒತ್ತಿದ ಮೇಲಿನ ವಿಷಯವಿದ್ದದ್ದು ಎಂಬತ್ತೇಳನೆಯ ಪುಟದಲ್ಲಿ. ಕೋಮಲಾ ಹರಿದ ಚೂರನ್ನು ಅನ್ನದ ಅಗುಳಿನಿಂದ ಅಂಟಿಸಿದಳು. ಅಂಟಿನಡಿ ನಾಲ್ಕು ಸಾಲುಗಳ ಕೊನೆ ಕಾಣಿಸಲಿಲ್ಲ. ಅವುಗಳನ್ನು ಊಹಿಸಿ ಬರೆದಳು. ಎರರ್ ಬಂತು. ಬೇರೆ ರೀತಿ ಊಹಿಸಿದಳು. ಹತ್ತೊಂಬತ್ತನೆಯ ಸಲ ಎರರ್ ಬರಲಿಲ್ಲ. ಆದರೆ ‘ತಲೆ’ ಒತ್ತಿದರೂ ‘ಎದೆ’ ಒತ್ತಿದರೂ ಕೆಳಗೆ ದಪ್ಪ ಅಕ್ಷರದಲ್ಲಿ ‘ಕಾಲು’ ಎಂದೇ ಬಂದಿತು.

ಹಾಲು ತಂದ ಪಕ್ಕದ ಮನೆಯ ತಿಪ್ಪಮ್ಮ ಬಗ್ಗಿ ನೋಡಿದರು.

“ಇದೂ ನಿನ್ ಗಂಡನ ಜಾತಿಗೇ ಸೇರ್ತಲ್ಲೇ ಕೋಮಲಾ! ಏನ್ ಕೇಳಿದ್ರೂ ಒಂದೇ ಮಾತು.”

ಕೋಮಲಾ ನಕ್ಕಳು. ಆಮೇಲೆ ಒಲೆಯ ಕಡೆ ತಿರುಗಿ ಹಾಲು ಕಾಯಲಿಟ್ಟಳು.

ಆರು ಬಟನ್ನುಗಳಿಗೂ ಒಂದೇ ಸೂತ್ರ ಸಾಕೆಂದು ಪುಸ್ತಕ ಹೇಳುತ್ತಿತ್ತು. ಅವಳು ಸೂತ್ರವನ್ನು ಬಿಟ್ಟಳು. ಮಗ್ಗಿ ಬಾರದವರು ಆರು ಸಲ ಕೂಡುವ ಹಾಗೆ, ಆರಕ್ಕೂ ಬೇರೆ ಬೇರೆಯಾಗಿ ಬರೆದಳು. ಮಂಗಳವಾರ ಮಧ್ಯಾಹ್ನ ಎರಡೂವರೆಗೆ ‘ತಲೆ’ ಒತ್ತಿದರೆ ‘ತಲೆ’ ಬಂದಿತು, ಬಟನ್ ಕೆಂಪಾಯಿತು. ಆರನ್ನೂ ಎರಡೆರಡು ಸಲ ತಾಳೆ ನೋಡಿದಳು. ಎಲ್ಲವೂ ಸರಿಯಾಗಿದ್ದವು.

ಮೂರಕ್ಕೆ ಈರಭದ್ರಪ್ಪನವರ ಹಣೆ ಬೆವರಿತು. ಕೋಮಲಾ ಮೇಜನ್ನು ಮಂಚಕ್ಕೆ ಒತ್ತಿ, ಲ್ಯಾಪ್‌ಟಾಪನ್ನು ಅವರ ಎಡಗೈಗೆ ಎಟುಕುವಂತೆ ಇಟ್ಟಳು. ಮೇಲಿನಿಂದ ಕೆಳಕ್ಕೆ ಒಂದೇ ಸಾಲಿನಲ್ಲಿ ತಲೆ, ಕತ್ತು, ಎದೆ, ಹೊಟ್ಟೆ, ಸೊಂಟ, ಕಾಲು.

“ರೀ, ಇಲ್ನೋಡಿ. ನೋವು ಎಲ್ಲೈತೆ? ಮುಟ್ಟಿ ತೋರ್ಸಿ. ಒಂದೇ ಒಂದು.”

ಈರಭದ್ರಪ್ಪ ಪರದೆಯನ್ನು ಬಹಳ ಹೊತ್ತು ನೋಡಿದರು. ಬೆರಳೆತ್ತಿ ‘ತಲೆ’ಯ ಮೇಲಿಟ್ಟರು. ಅದು ಕೆಂಪಾಯಿತು.

“ತಲೆನಾ? ತಲೆ ನೋವಾ?” ಅವಳ ಧ್ವನಿ ಏರಿತು.

“ರೈಟ್.”

ಬೆರಳು ‘ಕತ್ತು’ ಇದ್ದಲ್ಲಿಗೆ ಇಳಿಯಿತು. ಅದೂ ಕೆಂಪಾಯಿತು. ಅಲ್ಲಿ ತುಸು ತಡೆಯಿತು, ಒಬ್ಬರು ಇಳಿದು ಇಬ್ಬರು ಹತ್ತುವಷ್ಟು ಹೊತ್ತು.

“ರೈಟ್.”

ಎದೆ. “ರೈಟ್.”

“ಬ್ಯಾಡ ಕಣ್ರೀ, ಒಂದೇ. ನಿಜವಾಗ್ಲೂ ನೋಯೋದು ಒಂದೇ...”

ಹೊಟ್ಟೆ. ಸೊಂಟ. ಪ್ರತಿಯೊಂದರಲ್ಲೂ ಅಷ್ಟೇ ಹೊತ್ತು, ಹೆಚ್ಚಿಲ್ಲ, ಕಡಿಮೆಯಿಲ್ಲ. ಬೆವರು ಹುಬ್ಬಿನಿಂದ ಕೆನ್ನೆಗಿಳಿಯಿತು. ಕಾಲು. “ರೈಟ್.” ಆರೂ ಕೆಂಪಾಗಿ ಉರಿಯುತ್ತಿದ್ದವು. ಬೆರಳು ಪರದೆಯನ್ನು ದಾಟಿ, ಕೀಲಿಗಳ ಮೇಲೆ ಹಾದು, ಮೇಜಿನ ಮರಕ್ಕೆ ಬಂದು, ಅಂಚಿನ ಕಡೆಗೆ ನಿಧಾನವಾಗಿ ಹೊರಟಿತು.

“ಹೋಲ್ಡಾನ್” ಎಂದಳು ಕೋಮಲಾ.

ಬೆರಳು ನಿಂತಿತು. ಈರಭದ್ರಪ್ಪ ತಲೆಯೆತ್ತಿ, ಯಾರು ಇಳಿಯುವವರೆಂದು ಅವಳ ಮುಖವನ್ನೇ ನೋಡುತ್ತ ಕಾದರು.