ಪಡುವಣ ಗೋಡೆಯ ಟೇಪು

ಮತ್ತೆ ಹರಿಯಿತು, ಉಗುರಿನಷ್ಟು ಚೂರು, ಕಾಗದ ಮಾತ್ರ ಕೈಗೆ ಬರುತ್ತದೆ, ಅಂಟು ಕಿಟಕಿಯ ಚೌಕಟ್ಟಿನ ಮೇಲೇ ಕೂತಿರುತ್ತದೆ, ಸೀದ ಸಕ್ಕರೆಯ ಬಣ್ಣದಲ್ಲಿ, ಸಾರವೆಯ ಹಲಗೆ ಕಾದು ಮಂಡಿ ಸುಡುತ್ತಿದೆ, ಜೀರುಂಡೆಗಳಿಗೆ ಉಸಿರೇ ಬೇಡವೇನೋ — ಬಣ್ಣ ಮೆತ್ತದಂತೆ ಒಳಕೋಣೆಗೆ ಅಂಟಿಸಿ ಸಂಜೆಗೆ ಕೀಳುವ ಟೇಪನ್ನು ಕಡಲ ಕಡೆಯ ಪಡುವಣ ಗೋಡೆಗೆ ಯಾರಾದರೂ ಹಾಕುತ್ತಾರೆಯೇ, ಬಿಸಿಲು ತಡೆಯುವ ನೀಲಿ ಟೇಪನ್ನು ಶಿನೋ ತಾನೇ ಆರಿಸಿದ್ದಳು, ಇದೇ ಚೌಕಟ್ಟಿಗೆ ಒಂದು ಪಟ್ಟಿ ಅಂಟಿಸಿ, ಬಿಸಿಲಿಗೆ ಬಿಟ್ಟು, ಕಿತ್ತು, ಬೆರಳಿಂದ ಸವರಿ ನೋಡಿ, ಒರಟು ಗೋಡೆಗೆ ಬೇರೆ, ಗಟ್ಟಿ ಅಂಟಿನದು, ಅಪ್ಪ ಹೀಗೇ ಆರಿಸುತ್ತಿದ್ದ, ಬಣ್ಣದಂಗಡಿ ಅಪ್ಪನದು, ಅಪ್ಪ ಹೋದಮೇಲೆ ಫಲಕದಲ್ಲಿ ಗಂಡ ತಕುಮಾನ ಹೆಸರು, ಆದರೆ ಈ ಒಂದು ಮನೆಗೆ ನೀನೇ ಮೇಸ್ತ್ರಿ, ಇದು ಸರಿಹೋದ್ರೆ ಮನೆಯೊಡತಿ ಕುವಾಬಾರಾ ಅಜ್ಜಿಯ ಶಿಶುವಿಹಾರಾನೂ ನಿಂದೇ, ಅವನೇ ಅಂದಿದ್ದ, ಕೆಲಸಕ್ಕೆ ಮುಂಚೆ ನೆರೆಯವರಿಗೆ ಕೊಡುವ ಟವೆಲ್ಲಿನ ಪೊಟ್ಟಣ ಹಿಡಿದು ಅಕ್ಕಪಕ್ಕದ ಬಾಗಿಲು ತಟ್ಟಿದ್ದಳು, ಕೆಲಸ ಮುಗಿಯೋವರೆಗೂ ನಿಮಗೆ ತೊಂದರೆ, ಕ್ಷಮಿಸಬೇಕು, ಮೇಸ್ತ್ರಿ ಬರಲಿಲ್ವೇನಮ್ಮ, ನಾನೇ ಮೇಸ್ತ್ರಿ — ತನಗೇ ಕೇಳಿಸದಷ್ಟು ಮೆಲ್ಲಗೆ.

ಸತ್ತ ಹಿರಿಯರು ಮನೆಗೆ ಬರುವ ಓಬೋನ್ ಹಬ್ಬದ ರಜೆಯ ಹಿಂದಿನ ದಿನ ಬಣ್ಣ ತರಲು ಹೋಗಿ ಬರುವಷ್ಟರಲ್ಲಿ ನೀಲಿ ಟೇಪು ತಕುಮಾನ ಇನ್ನೊಂದು ಕೆಲಸಕ್ಕೆ ಹೋಗಿತ್ತು, ಇಲ್ಲಿ ಉಗ್ರಾಣದ ಹಳೇ ಬಿಳಿ ಸುರುಳಿ ಬಿಗಿದು ಬಣ್ಣವೂ ಬಳಿದಾಗಿತ್ತು, ಟೇಪು ಅಂದ್ರೆ ಟೇಪು ಕಣೇ, ಹಾಗಾದ್ರೆ ಬಣ್ಣ ಆರೋಕೆ ಮುಂಚೆ ಇವತ್ತೇ ಕಿತ್ತುಬಿಡೋಣ, ಇವರಿಗೆಲ್ಲ ರೈಲು ತಪ್ಪಿಸ್ತೀಯಾ, ಊರಲ್ಲಿ ಸತ್ತೋರು ಕಾಯ್ತಿದ್ದಾರೆ, ಆಳುಗಳು ನಕ್ಕರು, ಅವಳೊಬ್ಬಳೇ ಉಳಿದು ಕೀಳಬಹುದಿತ್ತು, ಅತ್ತೆಯ ಮನೆಯ ಹಿರಿಯರಿಗೆ ಎಡೆ ಇಡೋರು ಯಾರು, ಹೋದಳು, ಸೌತೆಕಾಯಿಗೆ ಕಡ್ಡಿ ಚುಚ್ಚಿ ಕುದುರೆ ಮಾಡಿ ಅದರ ಮೇಲೆ ಅವರ ಸತ್ತವರನ್ನು ಕರೆತಂದಳು, ಅಷ್ಟೂ ದಿನ ಇಲ್ಲಿ ಟೇಪು ಬೇಯುತ್ತಿತ್ತು, ತನ್ನಪ್ಪನ ಸಮಾಧಿಗೆ ಒಂದು ಚೊಂಬು ನೀರೂ ಇಲ್ಲ.

ಇವತ್ತು ಬೆಳಿಗ್ಗೆ ಅಜ್ಜಿ ಚೌಕಟ್ಟು ಮುಟ್ಟಿ, ಬೆರಳು ಅಂಟಿಸಿಕೊಂಡು, ಇದೇನಪ್ಪ ಇದು ಅಂದಾಗ, ನಮ್ಮವಳು ಟೇಪು ಆರಿಸೋದ್ರಲ್ಲಿ ಎಡವಿಬಿಟ್ಲು, ಹೊಸಬಳು, ಎಂದವನೇ ತಕುಮಾ ಕ್ಷಮೆಗೆ ಬಗ್ಗಿದ, ಅವನ ಅಂಗೈ ಅವಳ ಕತ್ತಿನ ಹಿಂದೆ ಬಂದು ಕೂತಿತು, ಮೆತ್ತಗೆ, ಒತ್ತಿತು, ತನಗಿಂತ ಕೆಳಕ್ಕೆ, ಇನ್ನೂ ಕೆಳಕ್ಕೆ, ಐದೂ ಬೆರಳು, ಚಪ್ಪಲಿ ಬಿಟ್ಟರೆ ಬೇರೇನೂ ಕಾಣದಷ್ಟು — ಹೌದು, ನನ್ನದೇ ತಪ್ಪು, ಬಾಯಿ ತಾನಾಗಿ ಹೇಳಿತು, ಯಾರ ಬಾಯಿ ಅದು, ಇರ್ಲಿ ಬಿಡಮ್ಮ, ಶಿಶುವಿಹಾರದ್ದು ನಿಮ್ಮ ಯಜಮಾನ್ರೇ ನೋಡ್ಕೊಳ್ಲಿ, ಆಮೇಲೆ ಲಾರಿಯ ಹತ್ತಿರ ಅವನು, ಅಂಗಡಿ ಮರ್ಯಾದೆ ಉಳೀತಲ್ಲ, ಒಂದು ಸಲ ಬಗ್ಗಿದ್ರೆ ನಿನ್ನ ಗಂಟೇನು ಹೋಯ್ತು, ಗಂಟು, ಅಪ್ಪನ ಅಂಗಡಿ, ಈ ಗೋಡೆ, ಕತ್ತಿನ ಹಿಂದೆ ಐದು ಬೆರಳು, ಎಣ್ಣೆಬಟ್ಟೆಯಿಂದ ಉಜ್ಜಿದಷ್ಟೂ ಅಂಟು ಹರಡುತ್ತದೆ, ಕೆಳಗೆ ಬಾರ್ಲಿ ಚಹಾದ ಲೋಟದಲ್ಲಿ ಐಸು ಕುಲುಕುತ್ತಿದೆ, ಅವನು ನಗುತ್ತಿದ್ದಾನೆ, ಅಜ್ಜಿಯೂ, ಶಿಶುವಿಹಾರಕ್ಕೆ ಹಳದಿ ಚೆನ್ನಾಗಿರುತ್ತೆ ಅಲ್ವಾ ಎಂದು ಯಾರೋ — ಕೆಳಗಿಂದ ಅವನು, ಶಿನೋ, ಮೆಲ್ಲಗೆ, ಬಣ್ಣ ಕೆರೆದುಬಿಟ್ಟೀಯ, ಅಜ್ಜಿ ನೋಡ್ತಿದ್ದಾರೆ — ಈಗ ಹೇಳಬೇಕು, ಇಲ್ಲಿಂದಲೇ, ಜೋರಾಗಿ, ನಾನು ಆರಿಸಿದ್ದು ಇದಲ್ಲ ಅಂತ, ಹ್ಞೂಂ ಎನ್ನುತ್ತಾಳೆ, ಹಣೆ ಚೌಕಟ್ಟಿಗೆ ತಗಲುವಷ್ಟು ಬಗ್ಗಿದೆ, ಹಿಂದೆ ಯಾರೂ ಇಲ್ಲ, ಅವನ ಕೈ ಕೆಳಗಿದೆ, ಲೋಟ ಹಿಡಿದುಕೊಂಡಿದೆ, ಆದರೂ ಕತ್ತಿನ ಮೇಲೆ, ಮೆತ್ತಗೆ, ಐದು ಬೆರಳು, ಐದೂ