ಹತ್ತು ನಟ್ಟು

ಸೋಪು ಹಚ್ಚಿ ಎರಡು ಸಲ ತಿಕ್ಕಿದರೂ ಉಗುರಿನ ಸಂದಿಯ ಹಸಿರು ಹೋಗಲಿಲ್ಲ. ನಲ್ಲಿಯ ಕೆಳಗೆ ಕೈ ಹಿಡಿದಿದ್ದವಳು ಅದನ್ನು ಮೂಸಿ ನೋಡಿದಳು. ಬಣ್ಣ. ಬೆಳಿಗ್ಗೆ ಮೈದುನನ ಲಾರಿಗೆ ಹಾಕಿದ ಚಕ್ರದ ಬಣ್ಣ.

ಗಂಡ ತೀರಿಕೊಂಡ ಮೇಲೆ ಹನ್ನೊಂದು ವರ್ಷದಿಂದ ಈ ಟೈರ್ ಅಂಗಡಿ ಅವಳ ಕೈಯಲ್ಲೇ ನಡೆದಿತ್ತು. ಕಬ್ಬಿಣದ ಮೇಲೆ ಕಬ್ಬಿಣ ಕೂತರೆ ಮಾತ್ರ ನಟ್ಟು ನಿಲ್ಲುತ್ತದೆ. ನಡುವೆ ದಪ್ಪ ಬಣ್ಣ ಉಳಿದರೆ ಗಾಡಿ ಓಡಿದಂತೆಲ್ಲ ಅದು ಸವೆದು, ಎಷ್ಟೇ ಬಿಗಿದ ನಟ್ಟೂ ಸಡಿಲುತ್ತದೆ. ಬಂದ ಡ್ರೈವರುಗಳಿಗೆಲ್ಲ ಈ ಪಾಠ ಒಪ್ಪಿಸುವವಳು ಅವಳೇ. ಇವತ್ತು ಮೈದುನ ಬಂದು, "ಚಕ್ರಕ್ಕೆ ಹೊಸ ಬಣ್ಣ ಹೊಡೆಸಿದೀನಿ ಅತ್ತಿಗೆ, ಹೇಗಿದೆ?" ಎಂದು ಹಲ್ಲು ಕಿರಿದಾಗ, "ಮದುವೆ ಗಂಡಿನ ಥರ ಇದೆ ಕಣೋ" ಎಂದು ನಕ್ಕು, ಬಣ್ಣ ಕೆರೆಯದೆ ಹತ್ತೂ ನಟ್ಟು ಬಿಗಿದು ಕಳಿಸಿಬಿಟ್ಟಿದ್ದಳು. ಮುಂದಿನ ಎಡಗಡೆ ಚಕ್ರ. ಹಿಂದೆ ಲಾರಿ ತುಂಬ ಜಲ್ಲಿ.

ಫೋನ್ ಮಾಡಿದಳು. ಎತ್ತಲಿಲ್ಲ. ಗಾಡಿ ಓಡಿಸುವಾಗ ಫೋನ್ ಮುಟ್ಟಬಾರದೆಂದು ಅವನಿಂದ ಆಣೆ ಮಾಡಿಸಿಕೊಂಡವಳೂ ಅವಳೇ. ಅವನು ಹೋಗುವ ದಾರಿಯಲ್ಲಿ ಉದ್ದನೆಯ ಇಳಿಜಾರಿತ್ತು. ಅದು ಮುಗಿಯುವಲ್ಲಿ ಒಂದು ಶಾಲೆ.

ನಟ್ಟು ಬಿಗಿಯುವ ಪಾನಾ, ತಂತಿ ಬ್ರಷ್ಷು ಚೀಲಕ್ಕೆ ತುರುಕಿ ಬೈಕ್ ಹತ್ತಿದಳು. ರಸ್ತೆಯುದ್ದಕ್ಕೂ ಕಣ್ಣು ಮಗುಚಿಬಿದ್ದ ಲಾರಿಯನ್ನೇ ಹುಡುಕುತ್ತಿತ್ತು. ಎದುರಿಗೆ ಬಂದ ಆಂಬ್ಯುಲೆನ್ಸ್ ಒಂದು ಸದ್ದಿಲ್ಲದೆ ದಾಟಿಹೋದಾಗ ಬೈಕನ್ನು ಇನ್ನೂ ಜೋರಾಗಿ ಓಡಿಸಿದಳು.

ಲಾರಿ ಕಂಡಿದ್ದು ಲಾರಿಗಳನ್ನು ತೂಗುವ ಕಟ್ಟೆಯ ಅಂಗಳದಲ್ಲಿ, ಸರದಿಯ ಕೊನೆಗೆ. ಮೈದುನ ಚಹಾದ ಲೋಟ ಹಿಡಿದು ಇಳಿದುಬಂದ.

"ಏನತ್ತಿಗೆ, ಅಂಗಡಿ ಬಿಟ್ಟು ಓಡಿ ಬಂದ್ರಿ? ಯಾರಾದ್ರೂ ಅಟ್ಟಿಸ್ಕೊಂಡು ಬಂದ್ರಾ?"

ಅವಳು ಚಕ್ರದ ಮುಂದೆ ಕುಕ್ಕರುಗಾಲಲ್ಲಿ ಕೂತು ಪಾನಾ ಹಚ್ಚಿದಳು. ಮೊದಲನೆಯದು ಅಲುಗಲಿಲ್ಲ. ಎರಡನೆಯದು ಕಾಲು ಸುತ್ತು ತಿರುಗಿತು. ಐದನೆಯದಕ್ಕೆ ಪಾನಾ ಬೇಕೇ ಆಗಲಿಲ್ಲ, ಬೆರಳಿಗೇ ತಿರುಗಿತು.

ಮೈದುನನ ಲೋಟ ಓರೆಯಾಗಿ ಚಹಾ ಚಪ್ಪಲಿಯ ಮೇಲೆ ಚೆಲ್ಲಿತು.

"ನಂದೇ ತಪ್ಪು," ಎಂದಳು. "ಬಣ್ಣ ಕೆರೀಲಿಲ್ಲ. ಬೈಯೋದಿದ್ರೆ ಆಮೇಲೆ ಬೈ, ಈಗ ಜಾಕಿ ತೆಗಿ."

ಅವನು ಬೈಯಲಿಲ್ಲ. ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು ಜಾಕಿ ಏರಿಸಿದ. ಇಬ್ಬರೂ ಸೇರಿ ಚಕ್ರ ಇಳಿಸಿದರು. ಬೋಲ್ಟುಗಳು ಹಾಳಾಗಿಲ್ಲವೇ ಎಂದು ಒಂದೊಂದನ್ನೂ ಬೆರಳಾಡಿಸಿ ನೋಡಿ, ಚಕ್ರ ಕೂರುವ ಜಾಗದ ಬಣ್ಣವನ್ನೆಲ್ಲ ಕಬ್ಬಿಣ ಹೊಳೆಯುವ ತನಕ ಬ್ರಷ್ಷಿನಿಂದ ಉಜ್ಜಿದಳು. ಮತ್ತೆ ಏರಿಸಿ, ಒಂದು ನಟ್ಟು, ಅದರ ಎದುರಿನದು, ಹೀಗೆ ಅಡ್ಡಡ್ಡ ಬಿಗಿಯುತ್ತ ಬಂದಳು. ಬಿಗಿತ ಸರಿಹೋದಾಗಲೆಲ್ಲ ಪಾನಾ ಟಕ್ಕೆನ್ನುತ್ತಿತ್ತು. ಮೈದುನ ಗಟ್ಟಿಯಾಗಿ ಎಣಿಸಿದ. ಹತ್ತು.

"ಇಳಿಜಾರಿಗೆ ಇನ್ನು ಮೂರೇ ಕಿಲೋಮೀಟರ್ ಇತ್ತು ಅತ್ತಿಗೆ," ಎಂದ ಮೆಲ್ಲಗೆ. ಆಮೇಲೆ ಇಬ್ಬರಿಗೂ ಯಾಕೋ ನಗು ಬಂತು. ನಿಲ್ಲಿಸಲಾಗದ ನಗು. ತೂಕದ ಗುಮಾಸ್ತ ಕಿಟಕಿಯಿಂದ ತಲೆ ಹೊರಹಾಕಿ ನೋಡಿದ.

"ಐವತ್ತು ಕಿಲೋಮೀಟರ್ ಆದ್ಮೇಲೆ ನಿಲ್ಸಿ ಇನ್ನೊಂದ್ಸಲ ಬಿಗಿ ನೋಡು. ನೋಡಿ ಫೋನ್ ಮಾಡು," ಎಂದು ಪಾನಾವನ್ನು ಅವನ ಕೈಗಿಟ್ಟಳು.

ಮಧ್ಯಾಹ್ನ ಎರಡಕ್ಕೆ ಅಂಗಡಿಯಲ್ಲಿ ಫೋನ್ ಬಂತು.

"ಒಂದೂ ಅಲ್ಲಾಡಿಲ್ಲ ಅತ್ತಿಗೆ. ಹತ್ತೂ ಕಲ್ಲಿನ ಹಾಗೆ ಕೂತಿವೆ."

"ಹೂಂ," ಎಂದಳು. ಹಳೇ ಟೈರುಗಳ ಅಟ್ಟಿಗೆ ಒರಗಿದವಳಿಗೆ ಕೂತಲ್ಲೇ ಜೊಂಪು ಹತ್ತಿತು.

ಸ್ವಲ್ಪ ಹೊತ್ತಿಗೆ ಲಾರಿಯೊಂದು ಬಂದು ಅಂಗಡಿಯ ಮುಂದೆ ನಿಂತಿತು. ಹಾರ್ನಿಗೆ ಕೈ ಹಾಕಿದ ಡ್ರೈವರು ಒಳಗೆ ಬಾಯಿ ತೆರೆದು ಮಲಗಿದ್ದವಳನ್ನು ಕಂಡು, ಕೈ ಹಿಂದೆಗೆದುಕೊಂಡು ಎಂಜಿನ್ ಆರಿಸಿದ. ಚಪ್ಪಲಿ ಸದ್ದಾಗದಂತೆ ಇಳಿದು, ಬಾಗಿಲ ನೆರಳಿನಲ್ಲಿ ಕಾದು ಕುಳಿತ.